ಅಕ್ಕನ ಹಾಡು ಮತ್ತು ನನ್ನ ಮೂಕ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರಿನ ಎರಡು ಸ್ಪೀಕರುಗಳು ಎರಡು ವರ್ಷ ಕಾಲ ಪುಸ್ತಕಗಳು ಬೀಳದಂತೆ ತಡೆಯುವ ಕೆಲಸ ಮಾಡಿದವು. ಎಡಕ್ಕೊಂದು, ಬಲಕ್ಕೊಂದು, ನಡುವೆ ನನ್ನ ಹಳೆಯ ಗಣಿತದ ಗೈಡುಗಳು, ಹೋದ ವರ್ಷದ ಪಂಚಾಂಗ, ರಟ್ಟು ಕಿತ್ತುಹೋದ ಒಂದು ನಿಘಂಟು. ನನ್ನ ಹೆಂಡತಿ ಗಿರಿಜ ಎಡಗಡೆಯ ಸ್ಪೀಕರಿನ ನೆತ್ತಿಯ ಮೇಲೆ ತನ್ನ ಕನ್ನಡಕ ಇಡುತ್ತಿದ್ದಳು. ಮನೆಗೆ ಬಂದವರು ಯಾರಾದರೂ, "ಸ್ಪೀಕರು ಚೆನ್ನಾಗಿದಾವಲ್ಲ ಮೇಷ್ಟ್ರೆ, ಎಷ್ಟು ದೊಡ್ಡದಾಗಿ ಕೇಳುತ್ತೆ?" ಅಂದರೆ ಅವಳೇ ಉತ್ತರ ಹೇಳುತ್ತಿದ್ದಳು: "ಅವು ಮೌನವ್ರತದಲ್ಲಿವೆ. ಇವರು ಬಿಡಿಸ್ತೀನಿ ಬಿಡಿಸ್ತೀನಿ ಅಂತ ಇದಾರೆ."

ನಿಮ್ಮ ಮನೆಯಲ್ಲೂ ಇಂಥದ್ದೊಂದು ವಸ್ತು ಇರಬಹುದು. ಕೆಟ್ಟಿರುತ್ತದೆ, ಆದರೆ ಎಸೆಯುವಷ್ಟು ಕೆಟ್ಟಿರುವುದಿಲ್ಲ. ಈ ಭಾನುವಾರ ಸರಿಮಾಡಬೇಕು ಅಂದುಕೊಂಡು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಲಗಿಬಿಡುತ್ತೇವೆ. ಎದ್ದಾಗ ಸೋಮವಾರದ ಯೋಚನೆ ಶುರುವಾಗಿರುತ್ತದೆ. ಹೀಗೆ ಕಳೆದ ಭಾನುವಾರಗಳ ಬಗ್ಗೆ ಯಾರೂ ಲೆಕ್ಕ ಕೇಳುವುದಿಲ್ಲ ಅಂತಲೇ ನಾನೂ ನಂಬಿದ್ದೆ.

ನಾನು ಶಿಡ್ಲಘಟ್ಟದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಹೋದ ವರ್ಷ ನಿವೃತ್ತನಾದೆ. ಶ್ರೀನಿವಾಸ ಅನ್ನುವ ಹೆಸರು ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಸುತ್ತಮುತ್ತಲಿನ ಶಾಲೆಗಳ ಮೇಷ್ಟ್ರುಗಳಿಗೆಲ್ಲ ನಾನು 'ಲಿನಕ್ಸ್ ಮೇಷ್ಟ್ರು'. ವರ್ಷಗಳ ಹಿಂದೆ ನಮ್ಮ ಶಾಲೆಗೆ ಕಂಪ್ಯೂಟರುಗಳು ಬಂದಾಗ ಅವುಗಳ ಜೊತೆ ಅವನ್ನು ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶವೂ ಬಂತು. ಎಲ್ಲರೂ ಬಳಸುವ ಆ ಇನ್ನೊಂದು ವ್ಯವಸ್ಥೆಗೆ ಬದಲಾಗಿ ಇದನ್ನು ಹಾಕಿಕೊಳ್ಳಬಹುದು, ಇದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ತರಬೇತಿಯಲ್ಲಿ ಹೇಳಿದರು. ನನಗೆ ಅದು ಊರ ಕೆರೆಯ ಹಾಗೆ ಕಂಡಿತು. ಆವತ್ತೇ ದೀಕ್ಷೆ ತೆಗೆದುಕೊಂಡುಬಿಟ್ಟೆ. ಹೊಸದಾಗಿ ಮಾಂಸ ಬಿಟ್ಟವನು ಬೀಗರ ಮನೆಯಲ್ಲಿ ಪಾತ್ರೆ ಮೂಸಿ ನೋಡುವಂತೆ, ಯಾರ ಮನೆಗೆ ಹೋದರೂ ಅವರ ಕಂಪ್ಯೂಟರಿನಲ್ಲಿ ಏನಿದೆ ಎಂದು ಮೊದಲು ಇಣುಕುತ್ತಿದ್ದೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಿ ಯಾವ ಶಾಲೆಯ ಲ್ಯಾಬು ಮುಷ್ಕರ ಹೂಡಿದರೂ ಬಸ್ಸು ಹತ್ತಿ ಹೋಗುತ್ತಿದ್ದೆ. ಮನೆಯ ಕಂಪ್ಯೂಟರು ಮಾತ್ರ ಮೂಕ. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವ ಗಾದೆಯನ್ನು ಗಿರಿಜ ಆ ದಿನಗಳಲ್ಲಿ ವಾರಕ್ಕೆ ಎರಡು ಸಲವಾದರೂ ಬಳಸಿದ್ದಾಳೆ.

ಅದು ಹುಟ್ಟುಮೂಕವೇನಲ್ಲ. ಮೊದಲು ಚೆನ್ನಾಗಿಯೇ ಹಾಡುತ್ತಿತ್ತು. ಹಳೆಯ ಮಾನಿಟರು ಕಣ್ಣು ಮಂಜಾಗಿ ಸತ್ತಾಗ ತೆಳ್ಳಗಿನ ಹೊಸದೊಂದನ್ನು ತಂದು, ಅದರ ಜೊತೆ ಬಂದ ಹೊಸ ಕೇಬಲ್ಲನ್ನೇ ಸಿಕ್ಕಿಸಿದೆ. ಆ ವಾರವೇ ಶಬ್ದ ನಿಂತಿತು. ಇವೆರಡಕ್ಕೂ ಸಂಬಂಧವಿರಬಹುದು ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ಒಂದು ಬದಲಾದಾಗ ಇನ್ನೊಂದೂ ಬದಲಾದರೆ ನಡುವೆ ನಂಟೇನಿದೆ ಎಂದು ಮೊದಲು ಹುಡುಕಬೇಕು ಅಂತ ಮಕ್ಕಳಿಗೆ ಮೂವತ್ತು ವರ್ಷ ಬಡಕೊಂಡವನು ನಾನು.

ಪ್ರಯತ್ನ ಮಾಡಲಿಲ್ಲ ಅಂತಲ್ಲ. ಆ ಕಪ್ಪು ಪರದೆ ತೆರೆದು ಆಜ್ಞೆಗಳನ್ನು ಟೈಪಿಸಿದೆ. ಶಬ್ದದ ಕಾರ್ಡು ಇದೆಯೇ ಎಂದು ಕೇಳಿದೆ; ಇದೆ ಎಂದಿತು. ಕೆಲಸ ಮಾಡುತ್ತಿದೆಯೇ ಎಂದು ಕೇಳಿದೆ, ಮಾಡುತ್ತಿದೆ ಎಂದಿತು. ಎಲ್ಲ ಸರಿಯಿದ್ದರೆ ಶಬ್ದ ಎಲ್ಲಪ್ಪ ಎಂದರೆ ಅದಕ್ಕೆ ಉತ್ತರವಿಲ್ಲ. ಅಂತರ್ಜಾಲದಲ್ಲಿ ಹುಡುಕಿದೆ. ಯಾವುದೋ ದೇಶದ ಯಾರೋ ಪುಣ್ಯಾತ್ಮನಿಗೆ ಥೇಟ್ ನನ್ನದೇ ತೊಂದರೆ ಬಂದಿತ್ತು. ಅವನ ಗೋಳನ್ನು ಓದುತ್ತ ಓದುತ್ತ ನನಗೆ ಅವನ ಮೇಲೆ ಸ್ವಂತ ತಮ್ಮನ ಮೇಲಿನಷ್ಟು ಪ್ರೀತಿ ಬಂತು. ಕೊನೆಗೆ ಅವನು, "ಸರಿಹೋಯಿತು, ಎಲ್ಲರಿಗೂ ವಂದನೆಗಳು" ಎಂದು ಬರೆದು ಹೋಗಿಬಿಟ್ಟಿದ್ದ. ಹೇಗೆ ಸರಿಹೋಯಿತು ಎಂದು ಹೇಳಿರಲಿಲ್ಲ. ಇನ್ನೊಬ್ಬ ಬರೆದಿದ್ದ ಆಜ್ಞೆಯನ್ನು ಹಾಗೇ ನಕಲು ಮಾಡಿ ಹೊಡೆದೆ; ಶಬ್ದ ಬರುವುದಿರಲಿ, ಇದ್ದ ಚಿತ್ರವೂ ಹೋಯಿತು. ಎರಡು ದಿನ ಕೂತು ಎಲ್ಲವನ್ನೂ ಹೊಸದಾಗಿ ಹಾಕಿದೆ. ಚಿತ್ರ ಬಂತು, ಶಬ್ದ ಬರಲಿಲ್ಲ. ಅಲ್ಲಿಂದ ನನ್ನ ಮಾತೇ ಬದಲಾಯಿತು. "ಕಂಪ್ಯೂಟರು ಇರೋದು ಓದೋಕೆ, ಬರೆಯೋಕೆ. ಹಾಡು ಕೇಳೋಕೆ ರೇಡಿಯೋ ಇಲ್ವಾ?" ಎನ್ನತೊಡಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಇಷ್ಟರಲ್ಲಿ ಅಕ್ಕನ ಪೆನ್‌ಡ್ರೈವ್ ಬಂತು.

ಅಕ್ಕನ ಹೆಸರು ರತ್ನಮ್ಮ. ನನಗಿಂತ ಏಳು ವರ್ಷ ದೊಡ್ಡವಳು. ಚಿಂತಾಮಣಿ ಹತ್ತಿರದ ಮುರುಗಮಲ್ಲಕ್ಕೆ ಕೊಟ್ಟಿದ್ದು. ಭಾವನಿಗೆ ಅಲ್ಲಿ ಜಮೀನಿದೆ, ದರ್ಗಾದ ಬೀದಿಯಲ್ಲಿ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಸೊಸೆ ಪವಿತ್ರ ತಿಳಿವಳಿಕಸ್ಥೆ. ಅಕ್ಕನ ಬಗ್ಗೆ ಇನ್ನೂ ಹೇಳಬೇಕಾದರೆ ನಮ್ಮ ಹುಳದ ಮನೆಯಿಂದ ಶುರುಮಾಡಬೇಕು.

ಶಿಡ್ಲಘಟ್ಟದ ಆಚೆಗೆ ನಾಲ್ಕು ಮೈಲಿ ದೂರದ ಹಳ್ಳಿ ನಮ್ಮದು. ಸುತ್ತ ಹಿಪ್ಪುನೇರಳೆ ತೋಟ, ಮನೆಯ ಅರ್ಧ ರೇಷ್ಮೆ ಹುಳಕ್ಕೆ, ಉಳಿದರ್ಧ ನಮಗೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಇರುವಾಗ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಹುಳಕ್ಕೆ ಕಿವಿ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ; ಅಪ್ಪನಿಗಂತೂ ಇದೆ ಅಂತ ನಂಬಿಕೆ. ನಾವು ಪಿಸುಪಿಸು ಅನ್ನುತ್ತಿದ್ದೆವು. ನಾಲ್ಕನೆಯ ಜ್ವರ ಮುಗಿದು ಹುಳು ಎದ್ದರೆ ಮಾತ್ರ ಹಬ್ಬ. ತಟ್ಟೆ ತಟ್ಟೆಯಲ್ಲೂ ಚರಚರ ಚರಚರ ಅಂತ ಸೊಪ್ಪು ತಿನ್ನುವ ಸದ್ದು. ಆಗ ಅಕ್ಕ ಹಾಡುತ್ತಿದ್ದಳು. ಸೊಪ್ಪಿನ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ತಟ್ಟೆಯಿಂದ ತಟ್ಟೆಗೆ ಸಾಗುತ್ತ, ಅಮ್ಮನಿಂದ ಕಲಿತ ಒಂದು ಉದ್ದದ ಹಾಡು. ಅದರಲ್ಲಿ ಒಬ್ಬ ಹೆಣ್ಣುಮಗಳು ತವರಿಗೆ ಹೊರಡುತ್ತಾಳೆ. ದಾರಿಯಲ್ಲಿ ಕೆರೆ ಸಿಗುತ್ತದೆ, ಮಾತಾಡಿಸುತ್ತದೆ. ಹುಣಸೆಮರ ಸಿಗುತ್ತದೆ, ಮಾತಾಡಿಸುತ್ತದೆ. ಅರ್ಧ ಕನ್ನಡ, ಅರ್ಧ ತೆಲುಗು. ಅವಳು ತವರು ಮುಟ್ಟುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಷ್ಟರಲ್ಲಿ ಸೊಪ್ಪು ಮುಗಿಯುತ್ತಿತ್ತು.

ಒಂದೇ ಒಂದು ಸಲ ಹತ್ತಿರ ಹತ್ತಿರ ಪೂರ್ತಿ ಕೇಳಿದ್ದೆ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಹುಣಸೆಮರದಿಂದ ಬಿದ್ದು ಎಡಗೈ ಮುರಿದುಕೊಂಡೆ. ಆಂಧ್ರದ ಗಡಿಯಾಚೆಯ ಒಂದು ಹಳ್ಳಿಯಲ್ಲಿ ಮೂಳೆ ಕಟ್ಟುವ ಮುದುಕರೊಬ್ಬರಿದ್ದರು. ಅಪ್ಪ ಅಲ್ಲಿಗೆ ಎತ್ತಿಕೊಂಡು ಹೋದರು, ಜೊತೆಗೆ ಅಕ್ಕ. ಮುದುಕರು ಕೈ ಹಿಡಿದು ನೀವಿದರೆ ನಾನು ಊರೇ ಕೇಳುವಂತೆ ಕಿರುಚುತ್ತಿದ್ದೆ. "ಏಡವದ್ದು ನಾಯನಾ, ಅಯಿಪೋಯಿಂದಿ, ಅಯಿಪೋಯಿಂದಿ," ಅಳಬೇಡ, ಆಗಿಹೋಯಿತು ಎಂದು ಅವರು ಹೇಳುತ್ತಲೇ ಇದ್ದರು, ಆಗಿಹೋಗುತ್ತಿರಲಿಲ್ಲ. ಅಪ್ಪ ನನ್ನ ಸಂಕಟ ನೋಡಲಾರದೆ ಬೀಡಿ ಸೇದುವ ನೆಪದಲ್ಲಿ ಹೊರಗೆ ಹೋದರು. ಅಕ್ಕ ಹೋಗಲಿಲ್ಲ. ನನ್ನ ಪಕ್ಕ ಒತ್ತಿಕೊಂಡು ಕೂತಳು. ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಕಿವಿಯ ಹತ್ತಿರ ಬಾಯಿಟ್ಟು ಆ ಹಾಡು ಶುರುಮಾಡಿದಳು. ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಹಚ್ಚಿ, ಬಟ್ಟೆ ಸುತ್ತಿ ಮುಗಿಸುವ ತನಕ ನಿಲ್ಲಿಸಲಿಲ್ಲ. ನಾನು ಅವಳ ಬೆರಳು ಕಚ್ಚಿದ ಗುರುತು ಬಹಳ ದಿನ ಇತ್ತು. ಆಗ ಅವಳಿಗೆ ಹದಿನೈದೋ ಹದಿನಾರೋ. ಅವಳಿಗೂ ಭಯವಾಗಿತ್ತೇ ಎಂದು ನಾನು ಯಾವತ್ತೂ ಕೇಳಲಿಲ್ಲ. ಅಕ್ಕಂದಿರಿಗೆ ಭಯವಾಗುತ್ತದೆ ಎಂಬ ವಿಷಯವೇ ತಮ್ಮಂದಿರ ತಲೆಗೆ ಹೋಗುವುದಿಲ್ಲ.

ಇರಲಿ, ಪೆನ್‌ಡ್ರೈವಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಅಕ್ಕನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಥೈರಾಯ್ಡ್ ಅಂದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಡಾಕ್ಟರು ಒಳ್ಳೆಯವರು, ಎಲ್ಲ ಬಿಡಿಸಿ ಹೇಳಿದರಂತೆ: ಮಾತಿನ ನರ ಪಕ್ಕದಲ್ಲೇ ಹಾದುಹೋಗಿದೆ, ಎಷ್ಟು ಜಾಗ್ರತೆ ಮಾಡಿದರೂ ದನಿ ಸ್ವಲ್ಪ ಬದಲಾಗಬಹುದು. ಮನೆಗೆ ಬಂದ ಅಕ್ಕ ಸೊಸೆಯನ್ನು ಕೂರಿಸಿಕೊಂಡು, "ದನಿ ಇರೋವಾಗಲೇ ಅಮ್ಮನ ಹಾಡು ಪೂರ್ತಿ ಹಿಡ್ಕೊಂಡ್ಬಿಡಮ್ಮ, ಸೀನಂಗೆ ಕಳಿಸಣ" ಅಂದಳಂತೆ. ಪವಿತ್ರ ತನ್ನ ಫೋನಿನಲ್ಲಿ ರೆಕಾರ್ಡು ಮಾಡಿದಳು. ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು, ಅದೂ ನನ್ನ ಸಿದ್ಧಾಂತಗಳಲ್ಲಿ ಒಂದು, ಗಿರಿಜಳದೂ ಅಂಥದ್ದೇ. ಹಾಗಾಗಿ ಹಾಡನ್ನು ಪೆನ್‌ಡ್ರೈವಿಗೆ ಹಾಕಿಸಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ನಿಪ್ಪಟ್ಟಿನ ಡಬ್ಬಿಯೊಳಗಿಟ್ಟು ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸಿದರು. ನಿಪ್ಪಟ್ಟನ್ನು ಅವತ್ತೇ ತಿಂದು ಮುಗಿಸಿದೆ.

ಪೆನ್‌ಡ್ರೈವನ್ನು ಸಿಕ್ಕಿಸಿದೆ. ಫೈಲು ಕಂಡಿತು. ಒತ್ತಿದರೆ ಓಡಿತು. ಸದ್ದಿಲ್ಲ. ಮನೆಯ ಟಿವಿ ಹಳೆಯ ಡಬ್ಬಾ, ಪೆನ್‌ಡ್ರೈವಿಗೆ ಅದರಲ್ಲಿ ತೂತೇ ಇಲ್ಲ. ಶಾಲೆಯ ಲ್ಯಾಬಿನಲ್ಲಿ ಸ್ಪೀಕರುಗಳಿಲ್ಲ. ಉಳಿದದ್ದು ನಮ್ಮ ಬೀದಿಯ ಕೊನೆಯ ಜೆರಾಕ್ಸ್ ಅಂಗಡಿ. ಅಂಗಡಿಯ ರಹಮತ್ ನನಗೆ ಬಹಳ ವರ್ಷದ ಪರಿಚಯ. ಒಂದು ಪ್ರತಿ ತೆಗೆಸಲು ಹೋದಾಗ ಮಾತಿಗೆ ವಿಷಯ ಹೇಳಿದೆ.

"ಅದಕ್ಕೇನ್ ಮೇಷ್ಟ್ರೆ, ಕೊಡಿ ಇಲ್ಲಿ. ನನ್ ಕಂಪ್ಯೂಟರ್‌ಗೆ ಹಾಕ್ತೀನಿ, ಕೂತ್ಕೊಂಡು ಕೇಳ್ಕೊಂಡು ಹೋಗಿ," ಎಂದ ಅವನು ಸ್ಟೂಲನ್ನೂ ಎಳೆದ.

ನಾನು ಪೆನ್‌ಡ್ರೈವನ್ನು ಜೇಬಿನಲ್ಲೇ ಬಿಗಿಯಾಗಿ ಹಿಡಿದುಕೊಂಡೆ. "ನಿನ್ನ ಕಂಪ್ಯೂಟರಿಗಾ? ಊರಿನವರೆಲ್ಲರ ಪೆನ್‌ಡ್ರೈವ್ ಹೋಗಿ ಬಂದಿರೋ ಜಾಗ. ವೈರಸ್ಸು ಹತ್ತುತ್ತೆ ಕಣಯ್ಯ," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವನು ಯಾಕೆ ಲಿನಕ್ಸಿಗೆ ಬದಲಾಗಬೇಕು ಎಂಬುದರ ಬಗ್ಗೆ ಅರ್ಧ ಗಂಟೆ ಪಾಠ ಹೇಳಿದೆ. ಆ ಹಾಡು ಇಪ್ಪತ್ತು ನಿಮಿಷದ್ದು. ಅವನು ತಾಳ್ಮೆಯಿಂದ ಕೇಳಿ, "ನಿಮ್ದು ಅಷ್ಟು ಒಳ್ಳೇದಾದ್ರೆ ಹಾಡ್ತಾ ಯಾಕಿಲ್ಲ ಮೇಷ್ಟ್ರೆ?" ಎಂದ. ನಾನು ನಕ್ಕು ಎದ್ದು ಬಂದೆ. ಆ ಸ್ಟೂಲಿನ ಮೇಲೆ ಕೂತು ಕೇಳಿಬಿಟ್ಟಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿ ಬರುತ್ತಿರಲಿಲ್ಲ. ಎಷ್ಟು ಸಲ ಆ ಸ್ಟೂಲು ನನ್ನ ಕಣ್ಣ ಮುಂದೆ ಬಂದಿದೆಯೋ ದೇವರಿಗೇ ಗೊತ್ತು.

ಎರಡು ದಿನ ಬಿಟ್ಟು ಅಕ್ಕ ಫೋನು ಮಾಡಿದಳು.

"ಪೆನ್‌ಡ್ರೈವ್ ಬಂತೇನಪ್ಪ?"

"ಬಂತಕ್ಕ. ನಿಪ್ಪಟ್ಟು ಬಹಳ ಚೆನ್ನಾಗಿತ್ತು."

"ಅದಿರ್ಲಿ. ಹಾಡು ಕೇಳಿದ್ಯಾ?"

ನನ್ನ ಕಂಪ್ಯೂಟರು ಮೂಕವಾಗಿದೆ ಎಂದು ಹೇಳಲು ನಾಚಿಕೆಯಾಯಿತು. ಜಿಲ್ಲೆಯ ಕಂಪ್ಯೂಟರುಗಳನ್ನೆಲ್ಲ ಸರಿಮಾಡುವ ತಮ್ಮ ಎಂದು ಅವಳು ಮುರುಗಮಲ್ಲದ ತುಂಬ ಹೇಳಿಕೊಂಡಿದ್ದಳು. ಹೇಗೂ ಈ ಭಾನುವಾರ ಸರಿಮಾಡಿ ಕೇಳುತ್ತೇನಲ್ಲ ಎಂದುಕೊಂಡು, "ಕೇಳ್ದೆ ಅಕ್ಕ," ಎಂದೆ.

"ಪೂರ್ತಿ ಕೇಳಿದ್ಯಾ? ಕೊನೇವರ್ಗೂ?"

"ಪೂರ್ತಿ ಕೇಳ್ದೆ. ಒಂದಕ್ಷರ ಬಿಡದೆ. ಏನ್ ದನಿ ಅಕ್ಕ ನಿಂದು!"

ಆ ಕಡೆಯಿಂದ ದೊಡ್ಡದಾಗಿ ಉಸಿರು ಬಿಟ್ಟ ಸದ್ದು. "ಸರಿ ಬಿಡಪ್ಪ. ಇನ್ನು ನಂಗೇನೂ ಯೋಚ್ನೆ ಇಲ್ಲ," ಎಂದಳು. ನನ್ನ ಹೊಗಳಿಕೆಗೆ ಅವಳಿಗೆ ಖುಷಿಯಾಯಿತು ಎಂದುಕೊಂಡೆ. ಒಂದು ಸಣ್ಣ ಸುಳ್ಳಿನಿಂದ ಅಕ್ಕನಿಗೆ ಎಷ್ಟು ಸಂತೋಷ ಕೊಟ್ಟೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಪರೇಷನ್ ದಿನ ನಾನು ಗೌರಿಬಿದನೂರಿನಲ್ಲಿದ್ದೆ. ಅಲ್ಲಿ ಶಿಕ್ಷಕರಿಗೆ ಎರಡು ದಿನದ ಕಂಪ್ಯೂಟರ್ ತರಬೇತಿ, ಹೇಳಿಕೊಡುವವನು ನಾನೇ. ಮೊದಲೇ ಒಪ್ಪಿಕೊಂಡಿದ್ದೆ. ಭಾವನಿಗೆ ಫೋನು ಮಾಡಿ, "ನಾನು ಆಮೇಲೆ ಬಂದು ನೋಡ್ತೀನಿ ಭಾವ," ಎಂದೆ. "ನೀವೇನ್ ಗಾಬರಿ ಆಗ್ಬೇಡಿ, ನಾವೆಲ್ಲ ಇದೀವಲ್ಲ. ನಿಮ್ಮಕ್ಕನೂ ಗಟ್ಟಿಯಾಗವ್ಳೆ," ಎಂದರು. ಅವತ್ತಿನ ತರಬೇತಿ ಬಹಳ ಸೊಗಸಾಗಿ ನಡೆಯಿತು. ಮಧ್ಯಾಹ್ನ ಒಬ್ಬ ಮೇಡಂ ಎದ್ದುನಿಂತು, "ಸರ್, ಸೌಂಡ್ ಬರದೆ ಇದ್ರೆ ಏನ್ ಮಾಡ್ಬೇಕು?" ಎಂದು ಕೇಳಿದರು. "ಅದು ನಾಳಿನ ವಿಷಯ," ಎಂದೆ. ಮಾರನೆಯ ದಿನ ಅವರು ಮರೆತಿದ್ದರು. ನಾನೂ ನೆನಪಿಸಲಿಲ್ಲ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ, ಮೂಸಂಬಿ ಹಿಡಿದುಕೊಂಡು. ಅಕ್ಕ ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಳು. ಮಾತಾಡಬಾರದು ಎಂದಿದ್ದರು. ನನ್ನನ್ನು ಒಂದು ಸಲ ನೋಡಿದಳು, ಆಮೇಲೆ ಗೋಡೆಯ ಕಡೆಗೆ ಹೊರಳಿಕೊಂಡಳು. ನೋವಿರಬೇಕು ಎಂದುಕೊಂಡೆ. ಭಾವ ನನ್ನನ್ನು ಕಾಫಿಗೆಂದು ಹೊರಗೆ ಕರೆದುಕೊಂಡು ಹೋದವರು ನಗುತ್ತ ಹೇಳಿದರು: "ನಿಮ್ಮಕ್ಕಂಗೆ ನಿಮ್ ಮೇಲೆ ಅದೇನ್ ಪ್ರಾಣಾನೋ. ಆವತ್ತು ಬೆಳಿಗ್ಗೆ, ಸೀನಪ್ಪ ಬರಲ್ಲ ಕಣೇ, ಗೌರಿಬಿದನೂರಲ್ಲಿ ಅವ್ರೆ ಅಂದ್ರೆ ನಂಬ್ಲೇ ಇಲ್ಲ. ಇಲ್ಲ ಬರ್ತಾನೆ, ನಂಗೆ ಹೇಳವ್ನೆ ಅಂತಾಳೆ. ತಳ್ಳೋಗಾಡೀಲಿ ಒಳಕ್ಕೆ ಕರ್ಕೊಂಡೋಗೋವರ್ಗೂ ಬಾಗ್ಲನ್ನೇ ನೋಡ್ತಿದ್ಲು." ನಾನೂ ನಕ್ಕೆ. ಅಕ್ಕಂದಿರ ಮಾಯೆ ಅಂದೆ. ಕಾಫಿ ತಣ್ಣಗಿತ್ತು ಅಂತ ನೆನಪು.

ಗಡ್ಡೆ ಕೆಟ್ಟದ್ದಾಗಿರಲಿಲ್ಲ, ಅದೊಂದು ಪುಣ್ಯ. ಆದರೆ ಡಾಕ್ಟರು ಹೇಳಿದ್ದಂತೆಯೇ ಆಯಿತು, ಅಕ್ಕನ ದನಿ ಮೊದಲಿನಂತಾಗಲಿಲ್ಲ. ಗೊರಗೊರ ಅನ್ನುತ್ತಿತ್ತು. ಫೋನಿನಲ್ಲಿ ಎರಡು ಮಾತಿಗೇ ಆಯಾಸ ಅನ್ನುವಳು. ನನ್ನ ಜೊತೆ ಇನ್ನೂ ಕಡಿಮೆ. ಹಬ್ಬಕ್ಕೆ ಹೋದರೆ ಊಟ ಬಡಿಸುತ್ತಿದ್ದಳು, ಮಕ್ಕಳ ಸಮಾಚಾರ ಕೇಳುತ್ತಿದ್ದಳು, ಅಷ್ಟೆ. ಹಾಡಿನ ವಿಷಯ ಎತ್ತಲೇ ಇಲ್ಲ. ದನಿ ಹೋದದ್ದರ ಬೇಸರ ಎಂದುಕೊಂಡು ನಾನೂ ಎತ್ತಲಿಲ್ಲ. ಎತ್ತಿದರೆ ನನ್ನ ಸುಳ್ಳು ಸಿಕ್ಕಿಬೀಳಬಹುದಿತ್ತು, ಅದೂ ಒಂದು ಕಾರಣ. ಪೆನ್‌ಡ್ರೈವು ಅರಿಶಿನದ ಬಟ್ಟೆಯೊಳಗೆ, ಬಟ್ಟೆ ಮೇಜಿನ ಖಾನೆಯೊಳಗೆ. ಎರಡು ವರ್ಷ.

ಮೊನ್ನೆ ಶನಿವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಗಿರಿಜ ಎತ್ತಿದಳು, ಒಂದು ಕ್ಷಣ ಕೇಳಿಸಿಕೊಂಡು ಕೈಯಿಂದ ಮುಚ್ಚಿ, "ಯಾರೋ ಗಂಡಸರು, ಸೀನ ಇದಾನಾ ಅಂತಿದಾರೆ. ನಿಮ್ಮನ್ನ ಸೀನ ಅನ್ನೋರು ಯಾರಿದಾರೆ?" ಎಂದಳು. ತೆಗೆದುಕೊಂಡು ನೋಡಿದರೆ ಅಕ್ಕ. ಅವರೆಕಾಯಿ ಕಳಿಸಿದ್ದೇನೆ, ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೋ ಎಂದು ಹೇಳಲು ಮಾಡಿದ್ದಳು. ನಾನು ಹೂಂ ಅಂದೆ. ಫೋನು ಇಟ್ಟ ಮೇಲೆ ಗಿರಿಜ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಗೊತ್ತಾಗ್ಲಿಲ್ಲ ಕಣ್ರೀ. ರತ್ನಕ್ಕನ ದನಿ ಹೇಗಿತ್ತು ಅಂತಾನೇ ಮರ್ತುಹೋಗಿದೆ ನಂಗೆ," ಎಂದಳು. ನೆನಪಿಸಿಕೊಳ್ಳಲು ನೋಡಿದೆ. ನನಗೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಕಂಪ್ಯೂಟರಿನ ಮುಂದೆ ಕೂತೆ. ಪುಸ್ತಕಗಳನ್ನು ಇಳಿಸಿ, ಸ್ಪೀಕರುಗಳ ಧೂಳು ಒರೆಸಿ, ಪೆನ್‌ಡ್ರೈವು ಸಿಕ್ಕಿಸಿ ಹಾಡು ಹಚ್ಚಿದೆ. ಮತ್ತೆ ಅದೇ ಮೌನ. ಆಜ್ಞೆಗಳ ಮೇಲೆ ಆಜ್ಞೆ ಹೊಡೆಯುತ್ತಿದ್ದೆ. ಗಿರಿಜ ಅವರೆಕಾಯಿಯ ಮೊರ ತಂದು ಪಕ್ಕದಲ್ಲಿ ಕೂತಳು. ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಹಿಗ್ಗುತ್ತ ಕುಗ್ಗುತ್ತ ಇತ್ತು.

"ಅದೇನು ಕುಣೀತಾ ಇರೋದು?"

"ಅದು ಶಬ್ದದ ಅಳತೆ. ಹಾಡು ಓಡ್ತಾ ಇದೆ ಅಂತ ತೋರಿಸುತ್ತೆ."

"ಓಡ್ತಾ ಇದ್ರೆ ಎಲ್ಲಿಗೋ ಹೋಗ್ತಾ ಇರಬೇಕಲ್ಲ?" ಎಂದಳು ಗಿರಿಜ. ಅವಳ ತವರಿನಲ್ಲಿ ಗೂಡಿನಿಂದ ನೂಲು ಬಿಚ್ಚುವ ಕಸುಬು. ರಾಟೆಯ ಮುಂದೆಯೇ ಬೆಳೆದವಳು. "ನಮ್ಮಪ್ಪ ಹೇಳ್ತಿದ್ರು, ರಾಟೆ ತಿರುಗ್ತಾ ಇದೆ, ಗೂಡು ಬಿಚ್ಚುತಾ ಇದೆ, ಆದ್ರೂ ನೂಲು ಕಾಣ್ತಿಲ್ಲ ಅಂದ್ರೆ ಎಳೆ ಮಾಯ ಆಗಿರಲ್ಲ, ಬೇರೆ ಕಡೆ ಸುತ್ಕೊಳ್ತಾ ಇರುತ್ತೆ ಅಂತ. ಬಗ್ಗಿ ನೋಡಿದ್ರೆ ಅಚ್ಚಿಗೆ ಸುತ್ಕೊಂಡಿರೋದು. ನಿಮ್ದು ಎಲ್ಲಿಗೆ ಹೋಗ್ತಾ ಇದೆ ಅಂತ ನೋಡಿದೀರಾ?"

ನೋಡಿರಲಿಲ್ಲ. ಶಬ್ದ ಇದೆಯೇ ಎಂದು ನೂರು ಸಲ ಕೇಳಿದ್ದೆ, ಎಲ್ಲಿಗೆ ಹೋಗುತ್ತಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಕಪ್ಪು ಪರದೆ ಮುಚ್ಚಿ, ಮಕ್ಕಳು ಬಳಸುವ ಆ ಸಾದಾ ಸೆಟ್ಟಿಂಗ್ಸು ತೆರೆದೆ. ಶಬ್ದ ಹೊರಹೋಗುವ ದಾರಿ ಎಂಬಲ್ಲಿ ಎರಡು ಹೆಸರಿದ್ದವು. ಒಂದು ಮಾನಿಟರಿನ ಕೇಬಲ್ಲಿನದು, ಇನ್ನೊಂದು ಸ್ಪೀಕರಿನದು. ಗುರುತು ಮಾನಿಟರಿನ ಮೇಲಿತ್ತು. ಹೊಸ ಕೇಬಲ್ಲು ಚಿತ್ರದ ಜೊತೆಗೆ ಶಬ್ದವನ್ನೂ ಒಯ್ಯುವ ಜಾತಿಯದು. ನಾನು ಕೊಂಡ ಮಾನಿಟರಿನೊಳಗೆ ಸ್ಪೀಕರಿಲ್ಲ, ಅದಕ್ಕೆ ಬಾಯಿಲ್ಲ. ಎರಡು ವರ್ಷವೂ ಕಂಪ್ಯೂಟರು ತಪ್ಪದೆ ಹಾಡುತ್ತಲೇ ಇತ್ತು, ಬಾಯಿಲ್ಲದ ಆ ಪೆಟ್ಟಿಗೆಗೆ. ಕೆಳಗಿನ ಹೆಸರಿನ ಮೇಲೆ ಒಂದು ಸಲ ಒತ್ತಿದೆ.

ಕೋಣೆಯ ತುಂಬ ಅಕ್ಕ ಬಂದುಬಿಟ್ಟಳು.

ಗಿರಿಜ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ನಾನು ಹಾಡನ್ನು ಮೊದಲಿನಿಂದ ಹಾಕಿದೆ. ಅದೇ ದನಿ, ಸ್ವಲ್ಪ ವಯಸ್ಸಾದ ದನಿ, ತೆಲುಗಿನ ಕಡೆ ಹೊರಳುವಾಗ ತುಸು ಎಳೆಯುವ ದನಿ. ಕೆರೆ ಬಂತು, ಹುಣಸೆಮರ ಬಂತು. ನಾನು ಎಂದೂ ಕೇಳಿರದ ಭಾಗಗಳೂ ಬಂದವು. ಆ ಹೆಣ್ಣುಮಗಳು ಕೊನೆಗೂ ತವರಿನ ಬಾಗಿಲು ಮುಟ್ಟಿದಳು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಡು ಮುಗಿಯಿತು. ಫೈಲು ಮುಗಿದಿರಲಿಲ್ಲ.

"ಪವಿತ್ರ, ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕುತೇನೋ ನೋಡಮ್ಮ," ಎಂದಳು ಅಕ್ಕ. ಹೆಜ್ಜೆಯ ಸದ್ದು ದೂರ ಹೋಯಿತು. ಆಮೇಲೆ ಅವಳು ಫೋನಿಗೆ ಬಾಯಿ ಹತ್ತಿರ ತಂದಿರಬೇಕು, ಪಿಸುಮಾತು ಕಿವಿಯಲ್ಲೇ ಆಡಿದಷ್ಟು ಹತ್ತಿರ ಕೇಳಿಸಿತು. ಹುಳು ಜ್ವರಕ್ಕೆ ಕೂತಾಗ ನಾವು ಆಡುತ್ತಿದ್ದಂಥ ಪಿಸುಮಾತು.

"ಲೋ ಸೀನ, ಕೇಳುಸ್ಕೋ. ನಂಗೆ ಭಯ ಆಗ್ತೈತೆ ಕಣೋ. ಯಾರ್ಗೂ ಹೇಳಿಲ್ಲ. ಇವ್ರೆಲ್ಲರ ಮುಂದೆ ಧೈರ್ಯವಾಗೇ ಇದೀನಿ. ಆಪರೇಷನ್ ದಿನ ನೀನು ಬಂದು ನನ್ ಪಕ್ಕ ಕೂತ್ಕೋಪ್ಪ. ನಿನ್ ಕೈ ಕಟ್ಟೋವಾಗ ನಾನು ಕೂತಿದ್ನಲ್ಲ, ಹಂಗೆ. ಒಳಕ್ಕೆ ಕರ್ಕೊಂಡೋಗೋವರ್ಗೂ ಸಾಕು. ಫೋನಲ್ಲಿ ಇದೆಲ್ಲ ಹೇಳಕ್ಕಾಗಲ್ಲ, ಪಕ್ಕದಲ್ಲಿ ಯಾರಾನ ಇದ್ದೇ ಇರ್ತಾರೆ, ನಗ್ತಾರೆ. ನೀನೂ ಏನೂ ಹೇಳ್ಬೇಡ. ನಾನು ಕೇಳ್ದಾಗ, ಹಾಡು ಪೂರ್ತಿ ಕೇಳ್ದೆ ಅಂದ್ಬಿಡು ಸಾಕು, ಬರ್ತೀಯ ಅಂತ ತಿಳ್ಕೊತೀನಿ. ಬರಕ್ಕಾಗಲ್ಲ ಅಂದ್ರೆ, ಇನ್ನೂ ಕೇಳಿಲ್ಲ ಅನ್ನು. ನಾನೇನೂ ಬೇಜಾರು ಮಾಡ್ಕೊಳಲ್ಲ." ದೂರದಿಂದ ಹೆಜ್ಜೆ ಬಂತು. "ಉಕ್ಕಿರ್ಲಿಲ್ವಾ? ಸರಿ, ನಿಲ್ಸಮ್ಮ ಇದನ್ನ," ಎಂದಳು ಮಾಮೂಲಿ ದನಿಯಲ್ಲಿ. ಟಕ್ ಅಂತ ನಿಂತಿತು.

ಗಿರಿಜ ನನ್ನ ಮುಖ ನೋಡಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಅವತ್ತು ನಿಜ ಹೇಳಿದ್ದರೆ ಸಾಕಿತ್ತು. ಇನ್ನೂ ಕೇಳಿಲ್ಲ ಅಕ್ಕ, ನನ್ನ ಕಂಪ್ಯೂಟರು ಕೆಟ್ಟಿದೆ ಎಂದಿದ್ದರೆ ಅವಳು ಕಾಯುತ್ತಿರಲಿಲ್ಲ. ಪೂರ್ತಿ ಕೇಳ್ದೆ, ಒಂದಕ್ಷರ ಬಿಡದೆ ಎಂದು ಹೇಳಿ, ಅವಳನ್ನು ಬಾಗಿಲು ನೋಡುವಂತೆ ಮಾಡಿ, ನಾನು ಗೌರಿಬಿದನೂರಿನಲ್ಲಿ ಪಾಠ ಹೇಳುತ್ತಿದ್ದೆ.

ಸೋಮವಾರ ಮೊದಲ ಬಸ್ಸಿಗೆ ಚಿಂತಾಮಣಿಗೆ ಹೋಗಿ ಅಲ್ಲಿಂದ ಮುರುಗಮಲ್ಲಕ್ಕೆ ಹೋದೆ. ಬಸ್ಸಿನಲ್ಲಿ ದರ್ಗಾಕ್ಕೆ ಹೋಗುವವರು ತುಂಬಿದ್ದರು, ಒಬ್ಬೊಬ್ಬರೂ ಏನೋ ಒಂದು ಕೇಳಿಕೊಳ್ಳಲು ಹೊರಟವರು. ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಭಾವ ತೋಟಕ್ಕೆ ಹೋಗಿದ್ದರು. "ಏನಪ್ಪ, ಇದ್ದಕ್ಕಿದ್ದಂಗೆ ಬಂದ್ಬಿಟ್ಟೆ? ಕಾಯಿ ಸಿಗ್ಲಿಲ್ವಾ?" ಎಂದಳು ಆ ಗೊರಗೊರ ದನಿಯಲ್ಲಿ.

"ಅಕ್ಕ, ನಿನ್ನ ಹಾಡು ಕೇಳ್ದೆ," ಎಂದೆ, ನಿಂತುಕೊಂಡೇ.

ಅವಳ ಕೈ ನಿಂತಿತು. "ಯಾವಾಗ?"

"ನೆನ್ನೆ. ಕೊನೇವರೆಗೂ."

"ಅವತ್ತು ಕೇಳ್ದೆ ಅಂದಿದ್ದೆ?"

"ಸುಳ್ಳು ಹೇಳಿದ್ದೆ ಅಕ್ಕ. ಕಂಪ್ಯೂಟರಲ್ಲಿ ಶಬ್ದ ಬರ್ತಿರಲಿಲ್ಲ. ಹೇಳೋಕ್ಕೆ ನಾಚಿಕೆ ಆಯ್ತು."

ಅಕ್ಕ ನನ್ನನ್ನು ನೋಡುತ್ತಲೇ ಇದ್ದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದರೆ ಒಳ್ಳೆಯದು ಎಂದೂ ಅಂದುಕೊಂಡೆ. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಹಣೆಯ ಗಂಟು ಮೆಲ್ಲಗೆ ಸಡಿಲವಾಯಿತು.

"ಅಷ್ಟೇನಾ?" ಎಂದಳು. "ನಾನು ಎರಡು ವರ್ಷದಿಂದ, ಕೇಳುಸ್ಕೊಂಡೂ ಬರ್ಲಿಲ್ವಲ್ಲ ನನ್ ತಮ್ಮ ಅಂದ್ಕೊಂಡಿದ್ದೆ ಕಣೋ."

ಸೆರಗಿನಿಂದ ಕಣ್ಣೊರೆಸಿಕೊಂಡು, ಮೊರವನ್ನು ಸ್ವಲ್ಪ ಆಚೆಗೆ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

"ಈಗ ಕೇಳಿದ್ಯಲ್ಲ. ಕೂತ್ಕೋ."

ಕೂತೆ. ಸಂಜೆಯ ಬಸ್ಸಿನ ತನಕ ಅವಳ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅವಳು ಏನೇನೋ ಮಾತಾಡಿದಳು, ಆಯಾಸ ಅನ್ನಲಿಲ್ಲ. ಆದರೆ ಅವಳಿಗೆ ಭಯವಾಗಿದ್ದ, ನಾನು ಪಕ್ಕದಲ್ಲಿ ಕೂರಬೇಕಿದ್ದ ದಿನ ಅದಾಗಿರಲಿಲ್ಲ.